ಅಂಗಡಿ ಪೂರಾ ಒಂದೇ ಫೋನಿನಲ್ಲಿ ಇಟ್ಟರೆ

(ಪಾಡ್‌ಕಾಸ್ಟ್‌ನಲ್ಲಿ ಆಡಿದ ಮಾತುಗಳ ಬರಹ ರೂಪ)

ಇವತ್ತಿನ ಮಾತು ಅಂಗಡಿಯವರಿಗೆ. ಕಿರಾಣಿ, ಗೊಬ್ಬರ, ಹೋಟೆಲ್, ಝೆರಾಕ್ಸ್, ಹಿಟ್ಟಿನ ಗಿರಣಿ, ಯಾವುದಾದರೂ ಇರಲಿ. ಮಳೆ, ಗಾಳಿ, ಸಿಡಿಲು, ಬೆಂಕಿ, ಹೊಳೆ ನೀರು ಇವು ಬಂದಾಗ ನಮ್ಮ ಕೈಯಲ್ಲಿರೋ ಫೋನು ನಮ್ಮನ್ನು ಉಳಿಸುತ್ತದೋ, ಮುಳುಗಿಸುತ್ತದೋ ಅಂತ ಮಾತಾಡೋಣ.

ಮೊದಲು ನಮ್ಮ ಮನೆ ಕಥೆ ಹೇಳಿಬಿಡ್ತೀನಿ. ನಮ್ಮ ಮಾವಂದು ಹುಲಿಹೈದರದಲ್ಲಿ ಬೀಜ-ಗೊಬ್ಬರದ ಅಂಗಡಿ. ಈಗ ನಮ್ಮೂರು ಕನಕಗಿರಿ ತಾಲೂಕು, ಮೊದಲು ಗಂಗಾವತಿ ತಾಲೂಕಿಗೆ ಸೇರಿತ್ತು. ಉದ್ರಿ ಇಲ್ಲದೆ ಇಲ್ಲಿ ಅಂಗಡಿ ನಡೆಯೋದಿಲ್ಲ. ಮುಂಗಾರಿಗೆ ಒಯ್ದ ಬೀಜ, ಗೊಬ್ಬರದ ದುಡ್ಡು ಮಾಲು ಮಾರಿದ ಮೇಲೆ ಬರಬೇಕು. ಮಾವ ಮೂವತ್ತು ವರ್ಷ ಕೆಂಪು ಬಟ್ಟೆ ಹೊದಿಕೆಯ ಪುಸ್ತಕದಲ್ಲಿ ಬರೆದರು. ಆಮೇಲೆ ಹುಡುಗರ ಮಾತು ಕೇಳಿ ಫೋನಿನ ಖಾತೆ ಆ್ಯಪ್‌ಗೆ ಬಂದರು. ನಾನೇ ಒಮ್ಮೆ ಕೇಳಿದ್ದೆ, "ಮಾವ, ಪುಸ್ತಕ ಬರೆಯೋದು ಬಿಟ್ಟಿರೇನು?" ಅಂತ. "ಎಲ್ಲಾ ಫೋನಿನ್ಯಾಗ ಐತಿ ಬಿಡಪಾ" ಅಂದರು.

ಒಂದು ರಾತ್ರಿ ಗಾಳಿ-ಮಳೆಗೆ ಅಂಗಡಿ ತಗಡು ಹಾರಿತು. ನೀರು ನೇರವಾಗಿ ಗಲ್ಲಾ ಪೆಟ್ಟಿಗೆ ಮೇಲೆ ಸುರಿಯಿತು. ಅಲ್ಲೇ ಫೋನು ಚಾರ್ಜಿಗೆ ಇತ್ತು. ಬೆಳಿಗ್ಗೆ ನೋಡಿದರೆ ಸತ್ತು ಬಿದ್ದಿತ್ತು. ನಾವು ಭತ್ತದ ಸೀಮೆಯ ಮಗ್ಗುಲಿನವರು, ಅಕ್ಕಿ ಡಬ್ಬಿಯಲ್ಲಿ ಹೂಳಿಟ್ಟೆವು. ಅದರಿಂದ ಏನೂ ಆಗಲಿಲ್ಲ, ಅಕ್ಕಿ ಹಿಟ್ಟು ಚಾರ್ಜಿಂಗ್ ತೂತಿಗೆ ಸೇರಿತು ಅಷ್ಟೇ.

"ಬ್ಯಾಕಪ್ ಇರ್ತದ ಬಿಡ್ರಿ" ಅಂತ ಎಲ್ಲರೂ ಧೈರ್ಯ ಹೇಳಿದರು. ಬ್ಯಾಕಪ್ ಇದ್ದಿರಬೇಕು. ಆದರೆ ಯಾವ ಇಮೇಲಿಗೆ? ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟ ಇಮೇಲು. ಅದರ ಹೆಸರು ಗೊತ್ತಿಲ್ಲ, ಪಾಸ್‌ವರ್ಡ್ ಗೊತ್ತಿಲ್ಲ. ಹುಡುಕಿ ಹುಡುಕಿ ಹೆಸರು ಸಿಕ್ಕಿತು ಅನ್ನೋದರಲ್ಲಿ, ಓಟಿಪಿ ಹೋಗೋದು ಎಂದೋ ಬಂದ್ ಆದ ಹಳೇ ಸಿಮ್ಮಿಗೆ!

ಮಾವ ಮನೆ ಮನೆಗೆ ಹೋದರು. ನಮ್ಮ ರೈತರ ದೊಡ್ಡತನ ನೋಡ್ರಿ, ಬಹಳ ಮಂದಿ ತಾವೇ ಬಂದು "ನಂದು ಇಷ್ಟು ಐತಿ, ಬರ್ಕೊಳ್ರಿ ಸಾವ್ಕಾರ್ರ" ಅಂದರು. ಆದರೆ ಮಾವನ ಜೊತೆ ಸಾಲಿಗೆ ಹೋದ ಒಬ್ಬ ಗೆಳೆಯರಿದ್ದಾರೆ. ಮಾವನ ನೆನಪಿನಲ್ಲಿ ಅವರದು ಹದಿನೆಂಟು ಸಾವಿರ, ಅವರ ನೆನಪಿನಲ್ಲಿ ಹನ್ನೆರಡು ಸಾವಿರ. ಇಬ್ಬರೂ ಸುಳ್ಳು ಹೇಳೋರಲ್ಲ. ಹನ್ನೆರಡಕ್ಕೇ ಲೆಕ್ಕ ಮುಗಿಯಿತು. ಆದರೆ ಸಂಜೆ ಅಂಗಡಿ ಕಟ್ಟೆ ಮೇಲೆ ಇಬ್ಬರೂ ಕೂತು ಚಹಾ ಕುಡಿಯೋದು ನಿಂತು ಹೋಯಿತು. ಆರು ಸಾವಿರದ ಮಾತಲ್ಲ ಇದು. ಖಾತೆ ಅನ್ನೋದು ಬರೀ ದುಡ್ಡಿನ ಲೆಕ್ಕ ಅಲ್ಲ, ಇಬ್ಬರ ನಡುವಿನ ನಂಬಿಕೆಗೆ ಸಾಕ್ಷಿ. ಆ ಸಾಕ್ಷಿಯನ್ನು ನಾವು ಒಂದೇ ಫೋನಿನಲ್ಲಿ ಇಟ್ಟಿದ್ದೆವು.

ಹಾಗಾಗಿ ಇವತ್ತಿನ ಮಾತು ಇಷ್ಟೇ: ಫೋನು ಬಳಸ್ರಿ, ಆದರೆ ಅಂಗಡಿಯ ಜೀವ ಒಂದೇ ಫೋನಿನೊಳಗೆ ಇಡಬ್ಯಾಡ್ರಿ.

ಇನ್ನು "ನಮ್ಮೂರು ಹೊಳಿ ದಂಡಿಗಿಲ್ಲ, ನಮಗ್ಯಾಕ ಇದೆಲ್ಲ" ಅನ್ನೋರಿಗೆ 2024ರ ಆಗಸ್ಟ್ ನೆನಪು ಮಾಡ್ತೀನಿ. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಕ್ರಸ್ಟ್ ಗೇಟುಗಳಲ್ಲಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತು. ಒತ್ತಡ ಕಡಿಮೆ ಮಾಡೋಕೆ ಉಳಿದ ಗೇಟುಗಳಿಂದಲೂ ನೀರು ಬಿಟ್ಟರು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಆಗಸ್ಟ್ 16, 17ರ ಹೊತ್ತಿಗೆ ತಾತ್ಕಾಲಿಕ ಸ್ಟಾಪ್‌ಲಾಗ್ ಇಳಿಸಿ ನೀರು ತಡೆದರು. ಆ ವಾರ ನಮ್ಮ ಭಾಗದಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಹೊಳೆಗೆ ನೀರು ಜಾಸ್ತಿ ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗೋದು ನಮಗೆ ಹೊಸದಲ್ಲ. ಹೊಳೆ ನೀರು ನಮ್ಮೂರಿಗೆ ಬರಲಿಕ್ಕಿಲ್ಲ. ಆದರೆ ದಾರಿ ಕಟ್ಟಾದರೆ ಮಾಲು ಬರೋದಿಲ್ಲ, ಕರೆಂಟು ಹೋದರೆ ಗಿರಣಿ ನಿಲ್ಲುತ್ತದೆ, ಟವರ್ ನಿಂತರೆ ಗೊಬ್ಬರದ ಅಂಗಡಿಯ ಆಧಾರ್ ಬೆರಳೊತ್ತುವ ಪಿಒಎಸ್ ಮಷೀನೂ ಕೈಕೊಡುತ್ತದೆ.

ಆ ರಾತ್ರಿ ನನ್ನ ವಾಟ್ಸಾಪಿಗೆ "ಡ್ಯಾಂ ಒಡೆದೈತಿ" ಅಂತ ಎಷ್ಟು ಮೆಸೇಜು ಬಂದವು ಲೆಕ್ಕ ಇಲ್ಲ. ಒಡೆದದ್ದು ಡ್ಯಾಂ ಅಲ್ಲ, ಹೋದದ್ದು ಒಂದು ಗೇಟು. ಎರಡಕ್ಕೂ ಅಜಗಜಾಂತರ. ಸುದ್ದಿ ಎಲ್ಲಿಂದ ತಗೋಬೇಕು ಅನ್ನೋದು ಅದಕ್ಕೇ ಮುಖ್ಯ.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 'ಸಚೇತ್' ಆ್ಯಪ್ ಇದೆ. ಅದನ್ನು ಹಾಕಿಕೊಳ್ರಿ. ಸಿಡಿಲಿಗೆ ಪುಣೆಯ ಸಂಸ್ಥೆಯವರು ಮಾಡಿದ 'ದಾಮಿನಿ' ಆ್ಯಪ್ ಇದೆ. ನಮ್ಮ ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ 'ವರುಣ ಮಿತ್ರ' ಸಹಾಯವಾಣಿ 92433 45433ಕ್ಕೆ ಫೋನ್ ಮಾಡಿ ನಮ್ಮೂರಿನ ಮಳೆ ಮುನ್ಸೂಚನೆ ಕೇಳಬಹುದು. ಇದಕ್ಕೆ ಸ್ಮಾರ್ಟ್ ಫೋನೂ ಬೇಕಿಲ್ಲ. 2023ರ ಅಕ್ಟೋಬರ್ 12ರಂದು ಎಲ್ಲರ ಫೋನು ಒಮ್ಮೆಲೇ ಜೋರಾಗಿ ಒದರಿ ಮಂದಿ ಗಾಬರಿ ಆಗಿದ್ದು ನೆನಪಿರಬಹುದು. ಅದು ವಿಪತ್ತಿನ ಎಚ್ಚರಿಕೆ ಕಳಿಸೋ ವ್ಯವಸ್ಥೆಯ ಪರೀಕ್ಷೆ. ಫೋನಿನ ಸೆಟ್ಟಿಂಗಿನಲ್ಲಿ ಆ ಎಚ್ಚರಿಕೆ ಬಂದ್ ಮಾಡಿದ್ದರೆ ಇವತ್ತೇ ಚಾಲೂ ಮಾಡ್ರಿ. ಇನ್ನು ವಾಟ್ಸಾಪಿನಲ್ಲಿ ಬಂದದ್ದನ್ನು, ಯಾರು ಹೇಳಿದ್ದು, ಯಾವತ್ತಿನದು ಅಂತ ಗೊತ್ತಾಗದೆ ಮುಂದಕ್ಕೆ ಕಳಿಸಬ್ಯಾಡ್ರಿ. ಹಳೇ ವಿಡಿಯೋ ನೋಡಿ ಹೆದರಿ ಮಾಲು ಅರ್ಧ ಬೆಲೆಗೆ ಮಾರಿದರೆ ಆ ನಷ್ಟ ಯಾರು ತುಂಬಿಕೊಡ್ತಾರೆ?

ಈಗ ಲೆಕ್ಕದ ವಿಷಯ. ಮೂರು ಕಡೆ ಇಡ್ರಿ. ಒಂದು ಫೋನಿನಲ್ಲಿ. ಎರಡು, ನಿಮ್ಮದೇ ಇಮೇಲಿನ ಕ್ಲೌಡಿನಲ್ಲಿ. ಆ ಇಮೇಲು, ಪಾಸ್‌ವರ್ಡು, ಓಟಿಪಿ ಬರೋ ನಂಬರು ನಿಮಗೂ ಮನೆಯಲ್ಲಿ ಇನ್ನೊಬ್ಬರಿಗೂ ಗೊತ್ತಿರಬೇಕು. ಪಾಸ್‌ವರ್ಡನ್ನು ಗಲ್ಲಾ ಪೆಟ್ಟಿಗೆ ಮೇಲೆ ಅಂಟಿಸಬ್ಯಾಡ್ರಿ, ಮನೆ ತಿಜೋರಿಯಲ್ಲಿ ಬರೆದಿಡ್ರಿ. ಮೂರು, ಕಾಗದದಲ್ಲಿ. ಹೌದು, ಪುಸ್ತಕ ಬಿಡಬ್ಯಾಡ್ರಿ. ದಿನಾ ಆಗದಿದ್ದರೆ ವಾರಕ್ಕೊಮ್ಮೆ ಬಾಕಿ ಮೊತ್ತ ಬರೆದರೂ ಸಾಕು. ಉದ್ರಿ ಕೊಟ್ಟ ಕೂಡಲೇ ಗಿರಾಕಿಗೂ ಒಂದು ಮೆಸೇಜು ಕಳಿಸ್ರಿ, ಆಗ ಸಾಕ್ಷಿ ಇಬ್ಬರ ಹತ್ತಿರವೂ ಇರುತ್ತದೆ. ನಮ್ಮ ಮಾವ ಈ ಒಂದು ಕೆಲಸ ಮಾಡಿದ್ದರೆ ಕಟ್ಟೆ ಮೇಲಿನ ಆ ಚಹಾ ಉಳಿಯುತ್ತಿತ್ತು.

ಬ್ಯಾಕಪ್ ಆಗಿದೆ ಅಂದುಕೊಂಡರೆ ಸಾಲದು, ತೆರೆದು ನೋಡಬೇಕು. ಬೇರೆ ಫೋನಿನಲ್ಲಿ ಲಾಗಿನ್ ಆಗಿ ಹೋದ ವಾರದ ಲೆಕ್ಕ ಕಾಣ್ತದೋ ಇಲ್ಲೋ ನೋಡ್ರಿ. ನೋಡಿದ ಮೇಲೆ ಲಾಗೌಟ್ ಮಾಡೋದು ಮರೀಬ್ಯಾಡ್ರಿ. ಇದಕ್ಕೆ ನಾನು ಒಂದು ದಿನ ಗೊತ್ತು ಮಾಡಿದ್ದೀನಿ: ಅಮಾಸಿ. ಹೆಂಗೂ ಅಮಾಸಿಗೆ ಅಂಗಡಿ ತೊಳೆದು, ತಕ್ಕಡಿಗೆ, ಗಲ್ಲಾ ಪೆಟ್ಟಿಗೆಗೆ ಪೂಜೆ ಮಾಡಿ ಕಾಯಿ ಒಡೀತೀವಿ. ಅವತ್ತೇ ಅರ್ಧ ತಾಸು ಈ ಕೆಲಸಕ್ಕೂ ಇಡ್ರಿ.

ಅದೇ ದಿನ ಫೋನಿನಲ್ಲಿ ಅಂಗಡಿಯ ವಿಡಿಯೋ ಮಾಡ್ರಿ. ಒಂದು ಮೂಲೆಯಿಂದ ಶುರು ಮಾಡಿ ರ‍್ಯಾಕು, ಚೀಲ, ಫ್ರಿಜ್ಜು, ಮಷೀನಿನ ನಂಬರ್ ಎಲ್ಲಾ ಕಾಣಬೇಕು. ಖರೀದಿ ಬಿಲ್ಲಿನ ಫೋಟೋನೂ ಜೊತೆಗಿರಲಿ. ವಿಮೆ ಇದ್ದರೆ, ಸರ್ವೇಯರ್ ಬಂದು "ಎಷ್ಟು ಮಾಲು ಇತ್ತು?" ಅಂದಾಗ ಮಾತಾಡೋದು ಇವೇ. ವಿಮೆ ಇಲ್ಲದವರು ಕೇಳಿಸ್ಕೊಳ್ರಿ. 2021ರ ಏಪ್ರಿಲ್ 1ರಿಂದ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಅಂತ ಒಂದೇ ನಮೂನೆಯ ಪಾಲಿಸಿ ಇದೆ, ಒಂದು ಜಾಗದಲ್ಲಿ 5 ಕೋಟಿ ರೂಪಾಯಿವರೆಗಿನ ಆಸ್ತಿ ಇರೋ ಸಣ್ಣ ಉದ್ಯಮಗಳಿಗೆ. ಬೆಂಕಿ, ಸಿಡಿಲು, ಬಿರುಗಾಳಿ, ಪ್ರವಾಹ ಎಲ್ಲ ಅದರೊಳಗೆ ಬರುತ್ತವೆ. ಏಜೆಂಟರನ್ನು ಹೆಸರು ಹಿಡಿದೇ ಕೇಳ್ರಿ. ಆಧಾರ್, ಪ್ಯಾನ್ ಕಾರ್ಡನ್ನು ಡಿಜಿಲಾಕರ್‌ನಲ್ಲಿ ಇಟ್ಟರೆ ಕಾಗದ ತೊಯ್ದರೂ ಚಿಂತೆ ಇಲ್ಲ.

ಕರೆಂಟಿನ ವಿಷಯ. ಗುಡುಗು-ಸಿಡಿಲು ಶುರುವಾದರೆ ಚಾರ್ಜರು, ಕಂಪ್ಯೂಟರ್, ಟಿವಿ ಎಲ್ಲದರ ಪ್ಲಗ್ ಕಿತ್ತಿಡ್ರಿ, ಬರೀ ಬಟನ್ ಆಫ್ ಮಾಡಿದರೆ ಸಾಲದು. ಇನ್ವರ್ಟರ್ ನೆಲಕ್ಕಿಡದೆ ಎತ್ತರದ ಮಣೆ ಮೇಲೆ ಇಡ್ರಿ, ಗೊಬ್ಬರ, ಔಷಧದ ಡಬ್ಬಿಗಳಿಂದ ದೂರ. ಅಂಗಡಿಗೆ ನೀರು ಹೊಕ್ಕಿದ್ದರೆ ಒದ್ದೆ ಕೈಯಲ್ಲಿ, ನೀರಲ್ಲಿ ನಿಂತು ಮೇನ್ ಸ್ವಿಚ್ ಮುಟ್ಟಬಾರದು. ಜೆಸ್ಕಾಂಗೆ 1912ಕ್ಕೆ ಫೋನ್ ಮಾಡಿ ಲೈನ್ ಬಂದ್ ಮಾಡಿಸ್ರಿ. ತೊಯ್ದ ಫೋನನ್ನು ಚಾರ್ಜಿಗೆ ಹಾಕಬ್ಯಾಡ್ರಿ, ಆಫ್ ಮಾಡಿ, ಸಿಮ್ ತೆಗೆದು, ಗಾಳಿಗೆ ಆರಲು ಬಿಡ್ರಿ. ಪವರ್ ಬ್ಯಾಂಕ್ ಒಂದು ಇರಲಿ, ಆದರೆ ಉಬ್ಬಿದ ಬ್ಯಾಟರಿ ಇದ್ದರೆ ಅದನ್ನು ಬಳಸಬ್ಯಾಡ್ರಿ.

ಇನ್ನು ದುಡ್ಡು. 2025ರ ಏಪ್ರಿಲ್ 12, ಶನಿವಾರ. ದೇಶದ ತುಂಬ ಯುಪಿಐ ಕೈಕೊಟ್ಟಿತು. ಮಳೆ ಇಲ್ಲ, ಪ್ರವಾಹ ಇಲ್ಲ, ಸುಮ್ಮನೆ ನಿಂತಿತು. ಅಂಥ ಹೊತ್ತಿಗೆ ಗಲ್ಲಾದಲ್ಲಿ ಒಂದೆರಡು ದಿನ ಅಂಗಡಿ ನಡೆಯುವಷ್ಟು ಚಿಲ್ಲರೆ ನೋಟು ಇರಲಿ. ನೆಟ್ ಇಲ್ಲದಾಗ *99# ಒತ್ತಿ ಬ್ಯಾಂಕ್ ವ್ಯವಹಾರ ಮಾಡೋದು ಮೊದಲೇ ಕಲಿತಿರ್ರಿ. ಆದರೆ ಅದಕ್ಕೂ ಫೋನಿನ ಸಿಗ್ನಲ್ ಬೇಕು ಅನ್ನೋದು ನೆನಪಿರಲಿ. ನೆಟ್ ನಿಧಾನ ಇದ್ದಾಗ "ಹಾಕೇನ್ರಿ, ನೋಡ್ರಿ ಸ್ಕ್ರೀನು" ಅಂತ ತೋರಿಸೋರು ಇರ್ತಾರೆ. ಗಿರಾಕಿಯ ಸ್ಕ್ರೀನ್ ನೋಡಬ್ಯಾಡ್ರಿ, ನಿಮ್ಮ ಖಾತೆಗೆ ಬಂತೋ ಇಲ್ಲೋ ನೋಡ್ರಿ. ಬರದಿದ್ದರೆ ಜಗಳ ಬೇಡ, ಹೆಸರು, ಮೊತ್ತ, ಹೊತ್ತು ಕಾಗದದಲ್ಲಿ ಬರ್ಕೊಳ್ರಿ.

ಕಳ್ಳರಿಗೆ ನಮ್ಮ ಕಷ್ಟದ ಕಾಲವೇ ಸುಗ್ಗಿ. "ಬೆಳೆ ಪರಿಹಾರ ಬಂದೈತಿ, ಈ ಲಿಂಕ್ ಒತ್ರಿ", "ಅಂಗಡಿ ಹಾನಿಗೆ ಸರ್ಕಾರದ ಸಹಾಯ, ಈ ಫೈಲ್ ಹಾಕ್ಕೊಳ್ರಿ" ಅಂತ ಬರುತ್ತದೆ. ಎಪಿಕೆ ಅಂತ ಕೊನೆಗಿರೋ ಫೈಲು ವಾಟ್ಸಾಪಿನಲ್ಲಿ ಬಂದರೆ, ಕಳಿಸಿದವರು ನಿಮ್ಮ ತಮ್ಮನೇ ಆಗಿದ್ದರೂ ತೆರೀಬ್ಯಾಡ್ರಿ, ಅವನ ಫೋನೇ ಕಳ್ಳರ ಕೈಲಿರಬಹುದು. ದುಡ್ಡು ಬರೋದಕ್ಕೆ ಪಿನ್ ಒತ್ತಬೇಕಾಗಿಲ್ಲ, ಇದನ್ನು ಮನೆಮಂದಿಗೆಲ್ಲ ಬಾಯಿಪಾಠ ಮಾಡಿಸ್ರಿ. ಮೋಸ ಆಯಿತು ಅಂದರೆ ನಾಚಿಕೊಂಡು ಕೂಡಬ್ಯಾಡ್ರಿ, ತಕ್ಷಣ 1930ಕ್ಕೆ, ಆಮೇಲೆ ಬ್ಯಾಂಕಿಗೆ ಹೇಳ್ರಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಪ್ರಕಾರ, ತಪ್ಪು ನಮ್ಮದೂ ಅಲ್ಲ ಬ್ಯಾಂಕಿನದೂ ಅಲ್ಲ ಅನ್ನುವಾಗ, ಬ್ಯಾಂಕಿನ ಸೂಚನೆ ಬಂದ 3 ಕೆಲಸದ ದಿನದೊಳಗೆ ತಿಳಿಸಿದರೆ ನಷ್ಟ ನಮ್ಮ ತಲೆಗೆ ಬರೋದಿಲ್ಲ. ನಾವೇ ಓಟಿಪಿ ಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸೋ ತನಕ ಹೋದದ್ದು ನಮ್ಮದೇ. ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಝೆರಾಕ್ಸ್, ಆನ್‌ಲೈನ್ ಸೆಂಟರ್ ನಡೆಸೋರಿಗೆ ಒಂದು ಮಾತು. ಊರ ಮಂದಿಯ ಆಧಾರ್, ಪಾಸ್‌ಬುಕ್ ಫೋಟೋ ನಿಮ್ಮ ಫೋನಿನಲ್ಲಿ ತುಂಬಿರುತ್ತವೆ. ಅವು ನಿಮ್ಮ ಹತ್ತಿರ ಇಟ್ಟ ಅಡವು ಅಂತ ತಿಳ್ಕೊಳ್ರಿ. ಕೆಲಸ ಮುಗಿದ ಕೂಡಲೇ ಅಳಿಸ್ರಿ, ಫೋನಿಗೆ ಲಾಕ್ ಇಡ್ರಿ. ಗದ್ದಲದಲ್ಲಿ ಫೋನು ಕಳೆದರೆ ಹೋಗೋದು ನಿಮ್ಮದೊಂದೇ ಅಲ್ಲ, ಊರಿನ ಗುಟ್ಟು.

ಕೊನೆಗೆ ಒಂದು ಸಣ್ಣ ಪರೀಕ್ಷೆ. ಈ ಸಲ ಅಮಾಸಿ ಪೂಜೆ ಮುಗಿದ ಮೇಲೆ ನಿಮ್ಮ ಫೋನ್ ಆಫ್ ಮಾಡಿ ಮನೆಯವರ ಕೈಗೆ ಕೊಡ್ರಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿಕೊಳ್ರಿ: ಯಾರಿಂದ ಎಷ್ಟು ಬರಬೇಕು? ಗಂಗಾವತಿಯ ಹೋಲ್‌ಸೇಲ್ ಅಂಗಡಿಯ ನಂಬರ್ ಎಷ್ಟು? ಅಂಗಡಿಯಲ್ಲಿ ಎಷ್ಟು ಮಾಲು ಇದೆ? ನಾನಿಲ್ಲದಿದ್ದರೆ ನಾಳೆ ಅಂಗಡಿ ತೆಗೆಯೋದು ಯಾರು, ಅವರಿಗೆ ಇದೆಲ್ಲ ಗೊತ್ತಿದೆಯಾ? ಯಾವ ಪ್ರಶ್ನೆಗೆ ಉತ್ತರ ಸಿಗಲಿಲ್ಲವೋ ಅಲ್ಲಿಂದ ಕೆಲಸ ಶುರು ಮಾಡ್ರಿ.

ನಮ್ಮ ಮಾವ ಈಗ ಎರಡೂ ಮಾಡ್ತಾರೆ. ಆ್ಯಪ್ಪಿನಲ್ಲೂ ಹಾಕ್ತಾರೆ, ರಾತ್ರಿ ಕೆಂಪು ಪುಸ್ತಕದಲ್ಲೂ ಬರೀತಾರೆ. ಮೊನ್ನೆ ದೀಪಾವಳಿಗೆ ಪುಸ್ತಕಕ್ಕೆ ಅರಿಶಿನ-ಕುಂಕುಮ ಹಚ್ಚುವಾಗ ಫೋನಿಗೂ ಒಂದು ಬೊಟ್ಟು ಇಟ್ಟರು. ಆ ಗೆಳೆಯರ ಮನೆಗೆ ಫಳಾರ ಕಳಿಸಿದ್ದಾರೆ. ಡಬ್ಬಿ ಇನ್ನೂ ವಾಪಸ್ ಬಂದಿಲ್ಲ. ನಮ್ಮ ಕಡೆ ಡಬ್ಬಿ ಖಾಲಿ ಕಳಿಸೋದಿಲ್ಲ, ಹಾಗಾಗಿ ಕಾಯ್ತಾ ಇದ್ದೀವಿ.

ಈ ಮಾತು ಉಪಯೋಗ ಅನ್ನಿಸಿದರೆ ಬಾಜೂ ಅಂಗಡಿಯವರಿಗೂ ಹೇಳ್ರಿ.