ಹೇಳದೆ ಬಿಟ್ಟ ಮಾತಿನ ಬಲ



ಮನೆಯ ಹಿರಿಯರು ಮಾತಿನ ನಡುವೆ ‘ಆ ದೊಡ್ಡ ಬರದ ವರ್ಷ’ ಎನ್ನುತ್ತಾರೆ. ಯಾವ ಬರ, ಏನಾಯಿತು ಎಂದು ವಿವರಿಸುವುದಿಲ್ಲ. ಓರಗೆಯವರಿಗೆ ಅದು ಗೊತ್ತು. ಪಕ್ಕದಲ್ಲಿ ಕುಳಿತ ಮಗುವಿಗೆ ಮಾತ್ರ, ತಾನು ಹುಟ್ಟುವ ಮೊದಲೂ ಒಂದು ಲೋಕವಿತ್ತು ಎಂಬುದು ಥಟ್ಟನೆ ಹೊಳೆಯುತ್ತದೆ. ಕಾಲ್ಪನಿಕ ಲೋಕಗಳನ್ನು ಕಟ್ಟುವ ಕಾದಂಬರಿಕಾರರು ಓದುಗನನ್ನು ಕೂರಿಸುವುದು ಈ ಮಗುವಿನ ಜಾಗದಲ್ಲಿ.

ಇಂಗ್ಲಿಷ್ ಲೇಖಕ ಟೋಲ್ಕಿನ್ ಅವರ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ 1954-55ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಅದರಲ್ಲಿ ಪಯಣಿಗರ ತಂಡವೊಂದು ಮೋರಿಯಾ ಎಂಬ ಹಾಳುಬಿದ್ದ ಗಣಿಯ ಕತ್ತಲನ್ನು ಹೊಗುತ್ತದೆ. ದಾರಿ ತೋರುವ ಗ್ಯಾಂಡಾಲ್ಫ್‌ನನ್ನು ಹೊಗಳಲು ಅವನ ಗೆಳೆಯ ಅರಗಾರ್ನ್, ಬೆರೂಥಿಯೆಲ್ ಎಂಬ ರಾಣಿಯ ಬೆಕ್ಕುಗಳಿಗೆ ಅವನನ್ನು ಹೋಲಿಸುತ್ತಾನೆ. ಯಾರು ಆ ರಾಣಿ? ಕಾದಂಬರಿ ಹೇಳುವುದಿಲ್ಲ. ಆ ಬೆಕ್ಕುಗಳ ವಿಷಯ ತಮಗೂ ಇನ್ನೂ ತಿಳಿದಿಲ್ಲವೆಂದು ಟೋಲ್ಕಿನ್ 1955ರಲ್ಲಿ ಕವಿ ಆಡೆನ್‌ಗೆ ಬರೆದ ಪತ್ರದಲ್ಲಿ ಒಪ್ಪಿಕೊಂಡರು.

ಹಾಗಾದರೆ ಇದು ಬರಿಯ ಕಣ್ಕಟ್ಟೆ? ಅಲ್ಲ. ಮೊದಲ ಮಹಾಯುದ್ಧದ ಕಾಲದಿಂದಲೇ ಅವರು ಆ ಲೋಕದ ಭಾಷೆಗಳನ್ನೂ ಪುರಾಣಗಳನ್ನೂ ಕಟ್ಟುತ್ತ ಬಂದಿದ್ದರು. ಕಾದಂಬರಿಯಲ್ಲಿ ಸುಳಿಯುವ ಇತರ ಅನೇಕ ಹೆಸರುಗಳ ಹಿಂದೆ ನಿಜಕ್ಕೂ ಕಥೆಗಳಿದ್ದವು. ಹತ್ತು ಬಾಗಿಲುಗಳು ತೆರೆಯುವ ಮನೆಯಲ್ಲಿ ಹನ್ನೊಂದನೆಯದರ ಹಿಂದೆಯೂ ಕೋಣೆಯಿದೆ ಎಂದು ಓದುಗ ನಂಬುತ್ತಾನೆ. ಸೂಚನೆಗೆ ಬಲ ಬರುವುದು ಈ ನಂಬಿಕೆಯಿಂದ.

ಸಂಯಮಕ್ಕೆ ಬೆಲೆ ತೆರಬೇಕಾಗುವುದೂ ಉಂಟು. ಅಮೆರಿಕದ ಅರ್ಸುಲಾ ಲೆ ಗ್ವಿನ್ 1968ರಲ್ಲಿ ‘ಎ ವಿಝರ್ಡ್ ಆಫ್ ಅರ್ಥ್‌ಸೀ’ ಬರೆದಾಗ ನಾಯಕ ಗೆಡ್‌ನ ಮೈಬಣ್ಣ ಕೆಂಗಂದು ಎಂಬುದನ್ನು ಡಂಗುರ ಸಾರಲಿಲ್ಲ. ಕಥೆಯ ಓಟದಲ್ಲಿ ಮೆಲ್ಲಗೆ ತಿಳಿಯಗೊಟ್ಟರು. ಬಿಳಿಯ ಓದುಗ ಮೊದಲು ಗೆಡ್‌ನನ್ನು ಮೆಚ್ಚಲಿ, ಬಣ್ಣ ಆಮೇಲೆ ತಿಳಿಯಲಿ ಎಂಬುದು ಅವರ ಉದ್ದೇಶ. ಆದರೆ 2004ರ ಟಿ.ವಿ. ಧಾರಾವಾಹಿಯಲ್ಲಿ ಗೆಡ್ ಬಿಳಿಯನಾದ. ಲೆ ಗ್ವಿನ್ ಬಹಿರಂಗವಾಗಿ ಪ್ರತಿಭಟಿಸಿದರು. ಮೆಲುದನಿಯಲ್ಲಿ ಹೇಳಿದ್ದನ್ನು ಅಳಿಸಿಹಾಕುವುದು ಸುಲಭ.

ಎಲ್ಲವನ್ನೂ ಹೇಳಿಬಿಟ್ಟರೆ? ಟೋಲ್ಕಿನ್‌ರನ್ನು ಈ ಅಳುಕು ಕಾಡಿತ್ತು. ದೂರದಿಂದ ಕಾಣುವ ದ್ವೀಪಕ್ಕೆ ಹೋಗಿಬಿಟ್ಟರೆ ಮಾಯೆ ಕರಗುತ್ತದೆ, ಅಲ್ಲಿಂದಾಚೆಗೆ ಮತ್ತೊಂದು ದೂರ ಕಂಡರೆ ಮಾತ್ರ ಅದು ಉಳಿಯುತ್ತದೆ ಎಂಬುದು ಅವರ ಅಭಿಪ್ರಾಯ. ಅವರ ಪುರಾಣಗಳ ಸಂಗ್ರಹ ‘ದಿ ಸಿಲ್ಮರಿಲಿಯನ್’ ಹೊರಬಂದದ್ದು 1977ರಲ್ಲಿ, ಅವರು ತೀರಿಕೊಂಡ ನಾಲ್ಕು ವರ್ಷಗಳ ಮೇಲೆ, ಮಗ ಕ್ರಿಸ್ಟೋಫರ್ ಸಂಪಾದಿಸಿದ ಬಳಿಕ.

ಲೋಕ ಕಟ್ಟುವವನಿಗೆ ಕಲ್ಪನೆಯಷ್ಟೇ ಸಾಲದು. ಎಲ್ಲಿ ಮಾತು ನಿಲ್ಲಿಸಬೇಕೆಂಬ ಅರಿವೂ, ಉಳಿದದ್ದನ್ನು ಓದುಗ ತುಂಬಿಕೊಳ್ಳುತ್ತಾನೆಂಬ ವಿಶ್ವಾಸವೂ ಬೇಕು.