ಕೀನ್: ಅಳಲಿನ ಒಂದು ಪದ, ಅದರ ಅರ್ಥ ಮತ್ತು ಮೂಲ

ಸತ್ತವರಿಗಾಗಿ ದನಿಯೆತ್ತಿ ಗೋಳಿಡುವುದನ್ನು ಇಂಗ್ಲಿಷಿನಲ್ಲಿ ‘ಕೀನ್’ ಎನ್ನುತ್ತಾರೆ. ಗಟ್ಟಿಯಾಗಿ ಅಳುವುದಕ್ಕೆ ಆ ಭಾಷೆಯಲ್ಲಿ ಬೇರೆ ಪದಗಳೂ ಇವೆ. ‘ವೇಲ್’ ಪದವು ಹಳೆಯ ನಾರ್ಸ್ ಭಾಷೆಯ ‘ಅಯ್ಯೋ’ ಎಂಬಂಥ ಉದ್ಗಾರಕ್ಕೆ ಸಂಬಂಧಿಸಿದ್ದು. ‘ಹೌಲ್’ ಊಳಿಡುವ ಸದ್ದಿನ ಅನುಕರಣೆಯಿಂದ ಬಂದದ್ದು. ಇವೆರಡೂ ನೋವಿನ ದನಿಯನ್ನಷ್ಟೇ ಹೆಸರಿಸುತ್ತವೆ. ‘ಕೀನ್’ ಮಾತ್ರ ಒಂದು ಜನಾಂಗದ ಸಾವಿನ ಆಚರಣೆಯಿಂದ, ಅದರ ಕಾವ್ಯದಿಂದ ಬಂದ ಪದ.

ತೀಕ್ಷ್ಣ, ಉತ್ಸುಕ ಎಂಬ ಅರ್ಥದ ಇನ್ನೊಂದು ‘ಕೀನ್’ ಇಂಗ್ಲಿಷಿನಲ್ಲಿ ಬಳಕೆಯಲ್ಲಿದೆ. ಅದು ‘ಧೀರ’ ಎಂಬ ಅರ್ಥವಿದ್ದ ಹಳೆಯ ಇಂಗ್ಲಿಷ್ ಪದದಿಂದ ಬಂದ ಜರ್ಮಾನಿಕ್ ಕುಲದ ಶಬ್ದ. ಎರಡಕ್ಕೂ ಉಚ್ಚಾರಣೆ ಒಂದೇ ಆದರೂ ನಂಟಿಲ್ಲ. ಅಳುವಿನ ‘ಕೀನ್’ ಐರಿಶ್ ಭಾಷೆಯ ‘ಕೀನಿಮ್’ ಎಂಬ ಕ್ರಿಯಾಪದದಿಂದ ಬಂದಿದೆ. ‘ಅಳುತ್ತೇನೆ, ಗೋಳಿಡುತ್ತೇನೆ’ ಎಂದು ಅದರ ಅರ್ಥ. 19ನೇ ಶತಮಾನದ ಆರಂಭದ ಹೊತ್ತಿಗೆ ಅದು ಇಂಗ್ಲಿಷ್ ಬರಹದಲ್ಲಿ ಕಾಣಿಸಿಕೊಂಡಿತು.

ಐರ್ಲೆಂಡಿನ ಹಳ್ಳಿಗಳಲ್ಲಿ ಈ ಗೋಳಾಟ ಹೆಂಗಸರ ಹೊಣೆಯಾಗಿತ್ತು. ಮನೆಯವರ ಜೊತೆಗೆ, ಈ ಕಲೆಯಲ್ಲಿ ಪಳಗಿದ ಹೆಣ್ಣನ್ನು ಕರೆಸುವ ವಾಡಿಕೆಯೂ ಇತ್ತು. ಅವಳಿಗೆ ‘ಬ್ಯಾನ್ ಖೀನ್ತೆ’, ಎಂದರೆ ಗೋಳಿಡುವ ಹೆಣ್ಣು, ಎಂದು ಹೆಸರು. ಊಟ, ಪಾನೀಯ ಅಥವಾ ಹಣ ಅವಳಿಗೆ ಸಲ್ಲುತ್ತಿತ್ತು. ಹೆಣದ ಬಳಿ ನಿಂತು ಅವಳು ಮೊದಲು ಸತ್ತವರನ್ನು ಹೆಸರು ಹಿಡಿದು ಕರೆಯುತ್ತಿದ್ದಳು. ಬಳಿಕ ಅವರ ಕುಲವನ್ನೂ ಗುಣವನ್ನೂ ಅಲ್ಲಿಯೇ ಕಟ್ಟಿದ ಪದ್ಯದಲ್ಲಿ ಹಾಡುತ್ತಿದ್ದಳು. ಕೊನೆಗೆ ಎಲ್ಲ ಹೆಂಗಸರೂ ‘ಗೋಲ್’ ಎಂಬ ಗೋಳಿನಲ್ಲಿ ದನಿಗೂಡಿಸುತ್ತಿದ್ದರು.

ಈ ಪರಂಪರೆಯ ಹೆಸರಾಂತ ರಚನೆ ‘ಆರ್ಟ್ ಓಲೀರಿಯ ಶೋಕಗೀತೆ’. ಆಸ್ಟ್ರಿಯದ ಸೇನೆಯಲ್ಲಿ ಅಧಿಕಾರಿಯಾಗಿದ್ದ ಆರ್ಟ್ ಓಲೀರಿ ಕ್ಯಾಥೊಲಿಕ್. 5 ಪೌಂಡಿಗಿಂತ ಹೆಚ್ಚು ಬೆಲೆಯ ಕುದುರೆಯನ್ನು ಕ್ಯಾಥೊಲಿಕರು ಇಟ್ಟುಕೊಳ್ಳಬಾರದೆಂಬ ಕಾನೂನು ಆಗ ಐರ್ಲೆಂಡಿನಲ್ಲಿತ್ತು. ಓಲೀರಿಯ ಕುದುರೆಯ ವಿಚಾರವಾಗಿ ಏಬ್ರಹಾಂ ಮಾರಿಸ್ ಎಂಬ ಅಧಿಕಾರಿಯೊಡನೆ ಜಗಳ ಬೆಳೆದು, 1773ರ ಮೇ 4ರಂದು ಕಾರ್ಕ್ ಪ್ರಾಂತದಲ್ಲಿ ಓಲೀರಿ ಗುಂಡೇಟಿಗೆ ಬಲಿಯಾದ. ಅವನ ಹೆಂಡತಿ ಐಲೀನ್ ಓಕಾನೆಲ್ ಹಾಡಿಕೊಂಡು ಅತ್ತದ್ದೇ ಈ ಗೀತೆ. ಇದರಲ್ಲಿ ಪ್ರೀತಿಯ ನೆನಪಿದೆ, ಕೊಂದವನ ಮೇಲೆ ಶಾಪವಿದೆ. ತನ್ನನ್ನು ಹಂಗಿಸಿದ ನಾದಿನಿಗೆ ಪದ್ಯದಲ್ಲೇ ಕೊಟ್ಟ ಉತ್ತರವೂ ಇದೆ. ಕಾನೂನು ಕೇಳಿಸಿಕೊಳ್ಳದ ದೂರನ್ನು ಹೆಣ್ಣೊಬ್ಬಳು ನೆರೆದವರ ಮುಂದೆ ಹೇಳಲು ಈ ಅಳು ದಾರಿಯಾಯಿತು. ಬಾಯಿಂದ ಬಾಯಿಗೆ ಸಾಗಿದ ಗೀತೆ, ನೋರಾ ಸಿಂಗಲ್ಟನ್ ಎಂಬ ಗೋಳಿಡುವ ಹೆಣ್ಣಿನಿಂದ ಕೇಳಿ ಬರೆದುಕೊಂಡ ಪಾಠಗಳಲ್ಲಿ ಉಳಿಯಿತು.

ಚರ್ಚಿಗೆ ಈ ಆಚರಣೆ ಒಪ್ಪಿಗೆಯಾಗಲಿಲ್ಲ. 17ನೇ ಶತಮಾನದಿಂದಲೇ ಪಾದ್ರಿಗಳ ಸಭೆಗಳು ಅದನ್ನು ನಿಷೇಧಿಸುತ್ತ ಬಂದವು. 1845ರಲ್ಲಿ ಶುರುವಾದ ಮಹಾಕ್ಷಾಮ ಐರಿಶ್ ಮಾತಾಡುವ ಹಳ್ಳಿಗಳನ್ನೇ ಬರಿದುಮಾಡಿತು. ಭಾಷೆ ಹಿಂಜರಿದಂತೆ, ಅದರಲ್ಲಿ ಪದ್ಯ ಕಟ್ಟಿ ಅಳಬಲ್ಲವರೂ ಕಡಿಮೆಯಾದರು. ಪಶ್ಚಿಮ ಕರಾವಳಿಯ ಆರನ್ ದ್ವೀಪಗಳಲ್ಲಿ ಉಳಿದಿದ್ದ ಗೋಳಾಟವನ್ನು ನಾಟಕಕಾರ ಜೆ. ಎಂ. ಸಿಂಜ್ ಕಣ್ಣಾರೆ ಕಂಡು 1907ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವರ್ಣಿಸಿದರು. ಅವರ ‘ರೈಡರ್ಸ್ ಟು ದ ಸೀ’ ನಾಟಕ 1904ರಲ್ಲಿ ಅದನ್ನು ರಂಗಕ್ಕೂ ತಂದಿತ್ತು.

ಇಂಗ್ಲಿಷಿಗೆ ಬಂದ ಪದದ ಅರ್ಥ ಒಂದು ಕಡೆ ಕುಗ್ಗಿತು, ಇನ್ನೊಂದು ಕಡೆ ಹಿಗ್ಗಿತು. ಪದ್ಯ ಬಿಟ್ಟುಹೋಗಿ ಕೂಗು ಮಾತ್ರ ಉಳಿಯಿತು. ಬೀಸುವ ಗಾಳಿಯ, ಓಡುವ ಯಂತ್ರದ ಚೂಪು ದನಿಗೂ ಈಗ ಅದೇ ಪದ ಸಲ್ಲುತ್ತದೆ. ಮೂಲ ಆಚರಣೆಯಲ್ಲಾದರೋ ಕೂಗಿನಷ್ಟೇ ಮಾತಿಗೂ ಬೆಲೆಯಿತ್ತು: ಸತ್ತವರು ಯಾರು, ಹೇಗೆ ಬಾಳಿದರು, ಯಾರಿಂದ ಸತ್ತರು ಎಂಬುದನ್ನು ಸಮುದಾಯದ ಮುಂದೆ ಹೇಳುವುದೇ ಆ ಅಳುವಿನ ಕೆಲಸವಾಗಿತ್ತು. ಇದನ್ನು ತಿಳಿಯದೆ ಕೊಟ್ಟ ನಿಘಂಟಿನ ಅರ್ಥ ಅಪೂರ್ಣ.