ಕಾರಾಪುರದಿಂದ ಹಾಲಿವುಡ್‌ಗೆ: ಸಾಬು ಚಿತ್ರೋತ್ಸವದ ಉದ್ಘಾಟನೆ



ದೀಪ ಹಚ್ಚಿದವರು ಹೆಚ್ಚು ಮಾತಾಡಬಾರದು, ಅದರಲ್ಲೂ ಸಿನಿಮಾ ಕಾದಿರುವಾಗ. ಆದರೂ ಒಂದು ತಕರಾರಿದೆ, ಹೇಳಿಬಿಡುತ್ತೇನೆ.

ಸಾಬು ಹುಟ್ಟಿದ್ದು 1924ರಲ್ಲಿ, ಕಾಡಾನೆ ಹಿಡಿಯುವ ಖೆಡ್ಡಾಗೆ ಹೆಸರಾದ ಕಬಿನಿ ಕಾಡಿನಂಚಿನ ಕಾರಾಪುರದಲ್ಲಿ. ತಂದೆ ಮೈಸೂರು ಮಹಾರಾಜರ ಆನೆಗಳ ಮಾವುತ. ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ತಂಡದ ಕಣ್ಣಿಗೆ ಬಿದ್ದ ಹುಡುಗ 1937ರ ‘ಎಲಿಫೆಂಟ್ ಬಾಯ್’ನಲ್ಲಿ ನಾಯಕನಾದ. ಆಮೇಲೆ ಲಂಡನ್, ಹಾಲಿವುಡ್. ಈ ಕಥೆ ನಮಗೆಲ್ಲ ಬಾಯಿಪಾಠ. ‘ನಮ್ಮ ಮೈಸೂರಿನ ಹುಡುಗ’ ಎಂದು ಬೀಗುತ್ತೇವೆ. ಆ ಹುಡುಗ ಎಂಥ ನಟ ಎಂದು ನೋಡುವ ಗೋಜಿಗೆ ಹೋಗುವುದಿಲ್ಲ. ನನ್ನ ತಕರಾರು ಇಷ್ಟೇ.

‘ದಿ ಥೀಫ್ ಆಫ್ ಬಾಗ್ದಾದ್’ ನೋಡಿ. ಇಂಗ್ಲೆಂಡಿನಲ್ಲಿ ಶುರುವಾಗಿ, ಯುದ್ಧದ ದೆಸೆಯಿಂದ ಅಮೆರಿಕಕ್ಕೆ ಹೋಗಿ ಮುಗಿದ ಚಿತ್ರ. 1940ರಲ್ಲಿ ಬಂತು. ಛಾಯಾಗ್ರಹಣ, ಕಲಾನಿರ್ದೇಶನ, ವಿಶೇಷ ಪರಿಣಾಮಕ್ಕೆ ಮೂರು ಆಸ್ಕರ್ ಗಳಿಸಿತು. ರಾಜಕುಮಾರ, ರಾಜಕುಮಾರಿ ಇಬ್ಬರೂ ಚೆಂದ, ಆದರೆ ಸಿನಿಮಾ ನಡೆಯುವುದು ಸಾಬು ನಟಿಸಿದ ಕಳ್ಳ ಅಬೂನಿಂದ. ಸೀಸೆಯಿಂದೆದ್ದ ಭೂತ ಅವನನ್ನು ಹೊಸಕಿಹಾಕಲು ನಿಂತಿದೆ. ‘ಇಷ್ಟು ದೊಡ್ಡವನು ಇಷ್ಟು ಚಿಕ್ಕ ಸೀಸೆಯಲ್ಲಿದ್ದೆಯಾ? ನಂಬಲಾರೆ’ ಎನ್ನುವಂತೆ ಹುಡುಗ ಅದನ್ನು ಕೆಣಕಿ ಮತ್ತೆ ಒಳಗೆ ತೂರಿಸುತ್ತಾನೆ. ಆಗ ಸಾಬುವಿನ ಮುಖವನ್ನೇ ಗಮನಿಸಿ. ಭಯ ಇನ್ನೂ ಇಳಿದಿಲ್ಲ, ಆಗಲೇ ತುಂಟತನ ಇಣುಕುತ್ತಿದೆ. ಎರಡನ್ನೂ ಒಟ್ಟಿಗೆ ಹಿಡಿದಿಡುವುದು ಹುಡುಗಾಟವಲ್ಲ.

ಹಾಲಿವುಡ್ಡಿಗೆ ಮಾತ್ರ ಅವನ ಮುಂಡಾಸೇ ಸಾಕಾಗಿತ್ತು. ‘ಜಂಗಲ್ ಬುಕ್’, ‘ಅರೇಬಿಯನ್ ನೈಟ್ಸ್’, ‘ಕೋಬ್ರಾ ವುಮನ್’ ಎಂದು ಕಾಡು, ಮರಳುಗಾಡು, ದ್ವೀಪ ಬದಲಾದವು, ಪಾತ್ರ ಬೆಳೆಯಲಿಲ್ಲ. ನಿಜಜೀವನದಲ್ಲಿ ಸಾಬು ಅಮೆರಿಕದ ಪ್ರಜೆಯಾಗಿ, ಪೆಸಿಫಿಕ್ ಯುದ್ಧದಲ್ಲಿ ಬಾಂಬರ್ ವಿಮಾನದ ಬಾಲದಲ್ಲಿ ಕೂತು ಬಂದೂಕು ಹಿಡಿದು, ಶೌರ್ಯ ಪದಕ ಪಡೆದು ಬಂದರು. ಅಂಥವರಿಗೆ ಮತ್ತದೇ ಹುಡುಗನ ವೇಷ!

ಇದಕ್ಕೆ ಹೊರತಾದದ್ದು 1947ರ ಬ್ರಿಟಿಷ್ ಚಿತ್ರ ‘ಬ್ಲ್ಯಾಕ್ ನಾರ್ಸಿಸಸ್’. ಅಲ್ಲಿನ ಹಿಮಾಲಯ ಇಂಗ್ಲೆಂಡಿನ ಸ್ಟುಡಿಯೋದಲ್ಲಿ ಬಣ್ಣ ಬಳಿದದ್ದು. ಬೆಟ್ಟದ ಹುಡುಗಿ ಕಾಂಚಿ, ಮೈಗೆ ಕಂದು ಬಣ್ಣ ಹಚ್ಚಿಕೊಂಡ ಜೀನ್ ಸಿಮನ್ಸ್. ಆ ನಡುವೆ ರೇಷ್ಮೆ ಉಟ್ಟು, ಅತ್ತರು ಪೂಸಿಕೊಂಡು, ಸನ್ಯಾಸಿನಿಯರ ಬಳಿ ಪಾಠಕ್ಕೆ ಬರುವ ಯುವ ಜನರಲ್ ಆಗಿ ಸಾಬು ಇದ್ದಾರೆ. ಜಂಬ ಎದ್ದು ಕಾಣುತ್ತದೆ, ಆದರೂ ಮುಗ್ಧತೆ ಕೆಟ್ಟಿಲ್ಲ. ಇಂಥ ಇನ್ನೂ ನಾಲ್ಕು ಪಾತ್ರ ಯಾರಾದರೂ ಕೊಡಬೇಕಿತ್ತು.

1963ರ ಡಿಸೆಂಬರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡಾಗ ವಯಸ್ಸು 39.

ಆನೆ ನೋಡಲು ಬಂದವರಿಗೂ ಸ್ವಾಗತ, ಇಂದಿನ ಮೊದಲ ಚಿತ್ರದಲ್ಲಿ ಆನೆಗಳು ಧಾರಾಳವಾಗಿವೆ. ಉತ್ಸವ ಆರಂಭವಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.